ಥಂಡಿ ಹಿಡಿದ ಲ್ಯಾಪ್‌ಟಾಪು

ಗುಂಡಿ ಒತ್ತಿದರೂ ಯಂತ್ರವೊಂದು ಏಳದೇ ಹೋದಾಗ ಮನುಷ್ಯನಾದವನು ಮೊಟ್ಟಮೊದಲು ಏನು ಮಾಡುತ್ತಾನೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅದೇ ಗುಂಡಿಯನ್ನು ಇನ್ನಷ್ಟು ಜೋರಾಗಿ ಒತ್ತುತ್ತಾನೆ. ಮೊದಲು ತೋರುಬೆರಳಿನಿಂದ ನಯವಾಗಿ ಒತ್ತಿದವನು ಆಮೇಲೆ ಹೆಬ್ಬೆರಳನ್ನು ಪ್ರಯೋಗಿಸುತ್ತಾನೆ, ಕಡೆಗೆ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಒತ್ತುತ್ತಾನೆ, ಯಂತ್ರದೊಳಗೆ ತೂಕಡಿಸುತ್ತ ಕುಳಿತ ಯಾರೋ ಗುಮಾಸ್ತ ಈ ಸಲವಾದರೂ ತಲೆಯೆತ್ತಿ ನೋಡಿಯಾನು ಎಂಬ ಆಸೆಯಿಂದ. ಗುಂಡಿಗೂ ಬಾಹುಬಲಕ್ಕೂ ಯಾವ ಸಂಬಂಧವೂ ಇಲ್ಲವೆಂದು ಬಲ್ಲ ವಿದ್ಯಾವಂತರೂ ವೇದಾಂತಿಗಳೂ ಈ ದೌರ್ಬಲ್ಯಕ್ಕೆ ಹೊರತಲ್ಲ. ನಾನಂತೂ ಎರಡೂ ಅಲ್ಲ. ಬಾಳೂರಿನ ಹತ್ತಿರ ಸಣ್ಣದೊಂದು ಕಾಫಿ ತೋಟ ಇಟ್ಟುಕೊಂಡು, ಬಿಡುವಾದಾಗ ಹೀಗೆ ನಾಲ್ಕು ಸಾಲು ಗೀಚಿ, ನನ್ನನ್ನು ನಾನೇ ಸಾಹಿತಿಯೆಂದು ಕರೆದುಕೊಳ್ಳುವ ಒಬ್ಬ ಗೃಹಸ್ಥ. ಆದ್ದರಿಂದ ಕಳೆದ ಕೊಯ್ಲಿನ ಕಾಲದಲ್ಲಿ ಒಂದು ಬೆಳಗ್ಗೆ ನನ್ನ ಹಳೆಯ ಲ್ಯಾಪ್‌ಟಾಪು ಏಳದೇ ಹೋದಾಗ, ಅದರ ಗುಂಡಿ ಒಳಕ್ಕೆ ಕುಸಿದುಹೋಗುವಷ್ಟು ಒತ್ತಿದೆನೆಂದರೆ ನೀವು ಆಶ್ಚರ್ಯಪಡಬೇಕಾಗಿಲ್ಲ.

ಆ ಯಂತ್ರದ ವಿಷಯ ಒಂದೆರಡು ಮಾತು ಹೇಳಬೇಕು. ತೊಡೆಯ ಮೇಲಿಟ್ಟುಕೊಳ್ಳುವ ಯಂತ್ರವೆಂದೇ ಅದಕ್ಕೆ ಆ ಹೆಸರು ಬಂದಿದೆಯಂತೆ. ನಮ್ಮದನ್ನು ತೊಡೆಯ ಮೇಲಿಟ್ಟುಕೊಂಡರೆ ಏಳುವಾಗ ಯಾರಾದರೂ ಕೈಹಿಡಿದು ಎಬ್ಬಿಸಬೇಕಿತ್ತು, ಅಷ್ಟು ಭಾರ. ಅದರ ಒಂದು ಕೀಲು ಮುರಿದು, ಗಾಯಕ್ಕೆ ಅಂಟಿಸುವ ಪಟ್ಟಿಯ ಆಸರೆಯಲ್ಲಿ ನಿಂತಿತ್ತು. ಬ್ಯಾಟರಿ ಎಂದೋ ಕೈಲಾಸವಾಸಿಯಾಗಿತ್ತು. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿದರಷ್ಟೇ ಅದಕ್ಕೆ ಜೀವ. ಚಾಲೂ ಆಗಿದೆಯೆಂದು ತೋರಿಸಬೇಕಾದ ಪುಟ್ಟ ಹಸಿರು ದೀಪವೂ ಉರಿಯುತ್ತಿರಲಿಲ್ಲ. ಹೊಸದೊಂದು ತೆಗೆದುಕೊಳ್ಳಿ ಎಂದು ಉಪದೇಶಿಸಿದವರಿಗೆಲ್ಲ ನಾನು ಹೇಳುತ್ತಿದ್ದ ಉತ್ತರವೆಂದರೆ, ಅದು ನನ್ನನ್ನು ಬದಲಾಯಿಸುವ ಯೋಚನೆ ಮಾಡಿಲ್ಲ, ನಾನೇಕೆ ಅದನ್ನು ಬದಲಾಯಿಸಲಿ ಎಂಬುದು. ಇಂಥ ಮಾತು ಯಂತ್ರ ನಡೆಯುತ್ತಿರುವಷ್ಟು ದಿನ ಚೆನ್ನಾಗಿರುತ್ತದೆ.

ಆ ಬೆಳಗ್ಗೆ ಪರದೆ ಕಪ್ಪಗೇ ಉಳಿಯಿತು. ಹೆಂಡತಿ ವಿಮಲಾ ಅಡಿಗೆಮನೆಯ ಬಾಗಿಲಿಗೆ ಬಂದು, ಏನಾಯಿತೆಂದು ಕಣ್ಣಿನಲ್ಲೇ ಕೇಳಿದಳು. "ಅರ್ಧ ಬರೆದ ಒಂದು ಲೇಖನ ಇತ್ತು ಇದ್ರಲ್ಲಿ" ಎಂದೆ. ಹಸಿ ಸುಳ್ಳು. ನನ್ನ ಅರ್ಧ ಲೇಖನ ನಾಶವಾದರೆ ಕನ್ನಡ ಸಾಹಿತ್ಯಕ್ಕೆ ಯಾವ ನಷ್ಟವೂ ಇಲ್ಲ, ಪೂರ್ತಿ ಲೇಖನ ನಾಶವಾದರೆ ಲಾಭವೇ ಆದೀತು. ಅದರೊಳಗೆ ಇದ್ದದ್ದು ಲೇಖನವಲ್ಲ, ವಿಮಲಾಳ ದನಿ. ಇಡೀ ಜಗತ್ತಿನಲ್ಲಿ ಆ ದನಿ ಇದ್ದದ್ದು ಅಲ್ಲಿ ಮಾತ್ರ.

ಅದರ ಹಿಂದಿನ ಸಂಗತಿ ಇಷ್ಟು. ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಥೈರಾಯ್ಡಿನ ಗಡ್ಡೆಯೊಂದು ಬೆಳೆದು, ಮಂಗಳೂರಿನಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ದನಿಯ ನರ ಗಡ್ಡೆಗೆ ಅಂಟಿಕೊಂಡೇ ಹಾದುಹೋಗಿದೆ, ಆಮೇಲೆ ದನಿ ತಗ್ಗಬಹುದು, ಅದಕ್ಕೆ ಸಿದ್ಧರಾಗಿರಿ ಎಂದು ಡಾಕ್ಟರು ಮೊದಲೇ ತಿಳಿಸಿ ಹೇಳಿದ್ದರು. ಅವಳ ದನಿಯನ್ನು ನೀವು ಕೇಳಿಲ್ಲ. ಅಡಿಗೆಮನೆಯಿಂದ ಒಮ್ಮೆ ಕೂಗಿದರೆ ಕಣದ ಆಚೆ ಕಾಫಿ ಗಿಡದ ಸಂದಿಯಲ್ಲಿ ಬಗ್ಗಿದ್ದವರೂ ಸೆಟೆದು ನಿಲ್ಲುತ್ತಿದ್ದರು, ಪಕ್ಕದ ತೋಟದ ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಅಂಥ ದನಿ ಹೋಗಿಬಿಟ್ಟರೆ ಎಂದು ಹೆದರಿ, ಆಪರೇಷನ್ನಿನ ಹಿಂದಿನ ವಾರವಿಡೀ ನಾನು ಈ ಲ್ಯಾಪ್‌ಟಾಪನ್ನು ಅಡಿಗೆಮನೆಯ ಕಟ್ಟೆಗೆ ಒಯ್ದು, ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿ, ಏನೋ ಟೈಪು ಮಾಡುವ ನಟನೆ ಮಾಡುತ್ತ ಅವಳ ಮಾತನ್ನೆಲ್ಲ ಗುಟ್ಟಾಗಿ ರೆಕಾರ್ಡು ಮಾಡಿಕೊಂಡೆ. ಅವಳಿಗೆ ಹೇಳಲಿಲ್ಲ. ಹೇಳಿದರೆ, ದನಿ ಹೋಗುವುದೇ ಖಾತ್ರಿಯೆಂದು ಗಂಡ ನಿರ್ಧರಿಸಿಬಿಟ್ಟಿದ್ದಾನೆ ಎಂದು ಅವಳು ಕುಸಿದಾಳು ಎಂಬ ಭಯ. ಸಾಮಾನ್ಯವಾಗಿ ಒಂದು ಮಾತಿಗೆ ಒಂದೇ ಮಾತು ಎನ್ನುವ ಸ್ವಭಾವದವಳು ಆ ವಾರ ಯಾಕೋ ಧಾರಾಳವಾಗಿ ಮಾತಾಡಿದಳು. ತವರಿನ ಕತೆ, ಕಡುಬಿನ ಹದ, ಬೆಕ್ಕಿಗೆ ಬೈಗುಳ, ನನಗೆ ಬೈಗುಳ. ನನ್ನ ಅದೃಷ್ಟ, ಒಳ್ಳೆಯ ಫಸಲು ಎಂದುಕೊಂಡೆ.

ಆಪರೇಷನ್ ಸುಸೂತ್ರವಾಗಿ ಆಯಿತು, ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ದೇವರು ದೊಡ್ಡವನು. ಆದರೆ ಡಾಕ್ಟರು ಹೇಳಿದ್ದಂತೆಯೇ ದನಿ ತಗ್ಗಿತು. ಈಗ ಅವಳದು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಮಾತಿಗಿಂತ ಒಂದು ಮೆಟ್ಟಿಲು ಕೆಳಗೆ. ರೆಕಾರ್ಡನ್ನು ತೆರೆದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಬೇರೆಡೆಗೆ ಒಂದು ಪ್ರತಿ ಮಾಡಿಡಬೇಕೆಂದು ಪ್ರತಿದಿನವೂ ಅಂದುಕೊಳ್ಳುತ್ತಿದ್ದೆ, ಪ್ರತಿದಿನವೂ ನಾಳೆ ಎನ್ನುತ್ತಿದ್ದೆ.

ಪಿಸುಮಾತಿನ ಹೆಂಡತಿಯೊಡನೆ ಸಂಸಾರ ಮಾಡುವ ಗಂಡಸು ಬೇಗನೆ ಒಂದು ವಿದ್ಯೆ ಕಲಿಯುತ್ತಾನೆ, ಅದು 'ಹೂಂ' ಎನ್ನುವ ವಿದ್ಯೆ. ಕೇಳಿಸದಿದ್ದಾಗ ಪದೇ ಪದೇ "ಏನು, ಏನು" ಎಂದರೆ ಅವಳ ಗಂಟಲಿಗೆ ಶ್ರಮ, ನನ್ನ ಮನಸ್ಸಿಗೆ ಕಸಿವಿಸಿ. ಅದರ ಬದಲು ಗಂಭೀರವಾಗಿ ಒಂದು ಹೂಂ ಎಂದರೆ ಉಭಯತ್ರರಿಗೂ ಕ್ಷೇಮ. ಈ ಕರುಣಾಪೂರ್ಣ ಹೂಂಕಾರದ ಫಲವಾಗಿ ಒಂದು ದಿನ ವಸ್ತಾರೆಯಿಂದ ನನ್ನ ನಾದಿನಿಯನ್ನು ಹೊತ್ತ ಪಿಕಪ್ ವ್ಯಾನು ಬಂದು, ನಾನು ಪ್ರತಿದಿನ ಮಧ್ಯಾಹ್ನ ಪೇಪರು ಮುಖಕ್ಕೆ ಮುಚ್ಚಿಕೊಂಡು ಸಾಹಿತ್ಯಚಿಂತನೆ ಮಾಡುತ್ತಿದ್ದ ಬೆತ್ತದ ಆರಾಮಕುರ್ಚಿಯನ್ನು ಹೇರಿಕೊಂಡು ಹೊರಟಿತು. "ಇದೆಂಥ ಅನ್ಯಾಯ!" ಎಂದು ನಾನು ಹಾರಾಡಿದರೆ, ವಿಮಲಾ ತಂಗಿಯ ಕಡೆಗೂ ನನ್ನ ಕಡೆಗೂ ನೋಡಿ ಕೈ ಬೀಸಿದಳು. ಕೊಡಲೇ ಎಂದು ಅವಳು ಕೇಳಿದ್ದಳಂತೆ, ನಾನು ಹೂಂ ಎಂದಿದ್ದೆನಂತೆ. ಕುರ್ಚಿ ಈಗಲೂ ವಸ್ತಾರೆಯಲ್ಲೇ ಇದೆ, ಚೆನ್ನಾಗಿದೆಯಂತೆ.

ಅದಿರಲಿ. ಏಳದ ಲ್ಯಾಪ್‌ಟಾಪಿಗೆ ಬೇರೆ ಊರಿನವರು ಬೇರೆ ಬೇರೆ ಕಾರಣ ಹುಡುಕಬಹುದು. ನಮ್ಮ ಸೀಮೆಯಲ್ಲಿ ಹುಡುಕಾಟವೇ ಇಲ್ಲ, ಎಲ್ಲಕ್ಕೂ ಒಂದೇ ಕಾರಣ, ಥಂಡಿ. ಗಡಿಯಾರ ನಿಂತರೆ ಥಂಡಿ, ಬೆಂಕಿಕಡ್ಡಿ ಹತ್ತದಿದ್ದರೆ ಥಂಡಿ, ಅಳಿಯ ಮುಖ ಗಂಟಿಕ್ಕಿಕೊಂಡರೂ ಥಂಡಿಯೇ ಇರಬೇಕು. ಬೀರುವಿನೊಳಗೆ ಸಣ್ಣ ಬಲ್ಬೊಂದನ್ನು ಸದಾ ಉರಿಸಿಟ್ಟು ರೇಷ್ಮೆ ಸೀರೆಗಳನ್ನೂ ಪುಸ್ತಕಗಳನ್ನೂ ಬೂಷ್ಟು ಹಿಡಿಯದಂತೆ ಕಾಪಾಡಿಕೊಳ್ಳುವ ಜನ ನಾವು. ತಲೆತಲಾಂತರದಿಂದ ನೀರಿನ ವಿರುದ್ಧ ಯುದ್ಧ ಮಾಡಿ ಮಾಡಿ, ನೆಲ ಬಿರಿದು ಆಕಾಶ ಹಂಚಿನಂತೆ ಕಾದಿರುವ ಬೇಸಗೆಯ ಬಾಗಿಲಲ್ಲೂ ಶತ್ರು ಎಲ್ಲೋ ಅಡಗಿದ್ದಾನೆಂದೇ ನಂಬುತ್ತೇವೆ. ಆದ್ದರಿಂದ ನಾನೂ ತಡಮಾಡದೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಸೀರೆಗಳ ನಡುವೆ ಬಲ್ಬಿನ ಕೆಳಗೆ ಮಲಗಿಸಿದೆ. ಸಂಜೆ ತೆಗೆದು ನೋಡಿದರೆ ಅದಕ್ಕೆ ನುಸಿಗುಳಿಗೆಯ ವಾಸನೆ ಬಂದಿತ್ತೇ ಹೊರತು ಜೀವ ಬಂದಿರಲಿಲ್ಲ.

ಅದನ್ನು ಪ್ಲಗ್ಗಿಗೆ ಸಿಕ್ಕಿಸಿ ಗುಂಡಿಯೊಡನೆ ಗುದ್ದಾಡುತ್ತಿದ್ದಾಗ ವಿಮಲಾ ಪಕ್ಕದಲ್ಲಿ ಬಂದು ನಿಂತಳು, ಯಂತ್ರದ ಮೇಲೆ ಅಂಗೈ ಇಟ್ಟು ಏನೋ ಹೇಳಿದಳು. "ಹೂಂ ಹೂಂ, ಆಮೇಲೆ" ಎಂದೆ. ಅವಳು ನನ್ನ ತೋಳು ಜಗ್ಗಿ ಮತ್ತೆ ಏನೋ ಹೇಳಿದಳು. "ತಡಿ ಮಾರಾಯ್ತಿ, ತಲೆ ಕೆಟ್ಟಿದೆ ನಂಗೆ" ಎಂದು ರೇಗಿದೆ. ಲೇಖನವೊಂದಕ್ಕಾಗಿ ಈ ಮನುಷ್ಯ ಇಷ್ಟು ಕಂಗಾಲಾದದ್ದನ್ನು ಹಿಂದೆಂದೂ ಕಂಡಿರದ ಅವಳು ವಿಚಿತ್ರವಾಗಿ ನೋಡಿ ಒಳಗೆ ಹೋದಳು.

ಮರುದಿನ ಗೆಳೆಯ ಪುಟ್ಟಸ್ವಾಮಿಗೆ ಫೋನು ಮಾಡಿದೆ. ಕಳಸದ ಕಡೆ ತೋಟವಿರುವ ಈ ಪುಟ್ಟಸ್ವಾಮಿ ಯಾವುದಾದರೂ ವಿಷಯ ಗೊತ್ತಿಲ್ಲವೆಂದು ಒಪ್ಪಿಕೊಂಡ ದಾಖಲೆಯೇ ಇಲ್ಲ, ಆದಕಾರಣವೇ ಕಷ್ಟಕಾಲದಲ್ಲಿ ಎಲ್ಲರೂ ಅವನನ್ನೇ ಕೇಳುತ್ತಾರೆ. "ಬೀರು ಬಲ್ಬಲ್ಲಿ ಎಂಥ ಒಣಗತ್ತೆ ಮಾರಾಯ? ಮೇಲ್ಮೇಲೆ ಒಣಗಿರ್ತದೆ, ಒಳಗೆ ಹಸಿನೇ ಇರ್ತದೆ. ಕಣದಲ್ಲಿ ಒಂದು ಬಿಸಿಲು ಕೊಡು" ಎಂದು ಅವನು ಕಾಫಿಯ ಹದ ಹೇಳುವವನಂತೆ ಹೇಳಿದ. ಕಾಫಿ ಬೆಳೆಗಾರನಿಗೆ ಇದಕ್ಕಿಂತ ತರ್ಕಬದ್ಧವಾದ ಮಾತು ಇನ್ನೊಂದಿಲ್ಲ. ನಾನು ಲ್ಯಾಪ್‌ಟಾಪನ್ನು ವೈರಿನ ಸಮೇತ ಎತ್ತಿಕೊಂಡು ಕಣಕ್ಕೆ ಹೋದೆ. ಅಲ್ಲಿ ಕೊಯ್ದ ಹಣ್ಣು ಹಾಗೆಯೇ ಒಣಗಿ ಚೆರಿಯಾಗುತ್ತ ಮೂಲೆಯಿಂದ ಮೂಲೆಗೆ ಹರಡಿಕೊಂಡಿತ್ತು. ನಟ್ಟನಡುವೆ ಒಂದಿಷ್ಟು ಜಾಗ ಮಾಡಿ, ಗೋಣಿ ಹಾಸಿ, ಅದನ್ನು ಬೋರಲಾಗಿ ಮಲಗಿಸಿ, ಧೂಳು ಬೀಳದಿರಲೆಂದು ಹಳೆಯ ಪಂಚೆಯೊಂದನ್ನು ಹೊದಿಸಿದೆ. ಕಣದ ಕೆಲಸ ನೋಡಿಕೊಳ್ಳುವ ಗಿರಿಜಾ ಚೆರಿ ಕೈಯಾಡಿಸುವುದನ್ನು ನಿಲ್ಲಿಸಿ, "ಯಾರ್ ಸಾರ್ ಮಲಗಿರೋದು?" ಎಂದು ಕೇಳಿದಳು. ನನಗೆ ನಗುವ ಸ್ಥಿತಿ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ, ಬೆಳಕು ಮಂಕಾಯಿತು. ಕಣದಲ್ಲಿ ಕಾಫಿ ಇರುವಾಗ ಮೋಡ ಕಂಡರೆ ಇಲ್ಲಿಯ ಮನುಷ್ಯ ಯೋಚನೆ ಮಾಡುವುದಿಲ್ಲ, ಓಡುತ್ತಾನೆ. ಮದುವೆಗೆಂದು ಬಂದ ನೆಂಟ, ಹೆಣ್ಣು ನೋಡಲು ಬಂದ ಗಂಡು, ಜ್ವರದಲ್ಲಿ ಮಲಗಿದ ಯಜಮಾನ, ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದು ಓಡಬೇಕು, ಒಣಗಿದ ಕಾಫಿಯನ್ನು ಎಳೆದು ರಾಶಿ ಮಾಡಬೇಕು, ಟಾರ್ಪಾಲು ಮುಚ್ಚಬೇಕು, ಅಂಚಿಗೆ ಕಲ್ಲು ಹೇರಬೇಕು. ನಾನೂ ಎಂಜಲು ಕೈಯಲ್ಲೇ ಓಡಿದೆ. ಗಿರಿಜಾ ಮತ್ತು ಅವಳ ಜೊತೆಯವರು ಆಗಲೇ ಎಳೆಯತೊಡಗಿದ್ದರು. ನಾನೊಂದು ಹಲಗೆ ಹಿಡಿದು, ಹೊದಿಸಿದ್ದ ಪಂಚೆ ಗಾಳಿಗೆ ಹಾರಿಹೋದದ್ದನ್ನೂ ಗಮನಿಸದೆ, ನನ್ನ ವಯಸ್ಸಿಗೆ ಮೀರಿದ ಉತ್ಸಾಹದಿಂದ ಚೆರಿಯನ್ನು ನಡುವಿಗೆ ನೂಕಿದೆ. ನೋಡನೋಡುತ್ತಿದ್ದಂತೆ ಮೊಳಕಾಲೆತ್ತರದ ರಾಶಿ ಸೊಂಟದೆತ್ತರ ಬೆಳೆಯಿತು, ಟಾರ್ಪಾಲು ಬಿತ್ತು, ಕಲ್ಲುಗಳು ಕುಳಿತವು. ಸಮರದಲ್ಲಿ ಗೆದ್ದ ಸೇನಾಪತಿಯ ಠೀವಿಯಿಂದ ಹಣೆ ಒರೆಸಿಕೊಂಡೆ. ಆಮೇಲೆ ನೆನಪಾಯಿತು.

"ಅಯ್ಯೋ ಗಿರಿಜಾ, ತೆಗೀರಿ, ತೆಗೀರಿ ಅದನ್ನ!" ಎಂದು ನಾನು ಕಿರುಚಿದ್ದು ಬಹುಶಃ ಕೊಟ್ಟಿಗೆಹಾರಕ್ಕೆ ಕೇಳಿಸಿರಬೇಕು. ಮಳೆ ಹನಿಯುತ್ತಿರುವಾಗ ಮುಚ್ಚಿದ ಕಾಫಿಯನ್ನು ಬಿಚ್ಚಿ ಎನ್ನುವ ಬೆಳೆಗಾರನನ್ನು ಅವರು ಅದೇ ಮೊದಲು ಕಂಡದ್ದು. ಹಲಗೆ ಹಾಕಿದರೆ ಒಳಗಿನದು ಒಡೆದೀತು, ಕೈಯಲ್ಲೇ ಬಗೆಯಿರಿ ಎಂದು ಕೇಳಿಕೊಂಡೆ. ವಿಮಲಾಳೂ ಬಂದು ಸೆರಗು ಸಿಕ್ಕಿಸಿಕೊಂಡು ಬಗೆಯತೊಡಗಿದಳು, ತನ್ನ ದನಿಗಾಗಿ ತಾನೇ ತಡಕುತ್ತಿದ್ದೇನೆಂದು ತಿಳಿಯದೆ. ಕೊನೆಗೆ ಗಿರಿಜಾಳ ಕೈಗೆ ವೈರು ಸಿಕ್ಕಿತು, ಹಿಂದೆಯೇ ಯಂತ್ರವೂ ಬಂತು, ಅಕ್ಷರದ ಗುಂಡಿಗಳ ಸಂದಿಯಲ್ಲೆಲ್ಲ ಚೆರಿಯ ಸಿಪ್ಪೆ ತುಂಬಿಕೊಂಡು. "ಇದನ್ನೂ ಚೆರಿ ಜೊತೆ ಮೂಟೆ ಮಾಡೋದಾ ಸಾರ್?" ಎಂದು ಅವಳು ಕೇಳಿದಾಗ ಎಲ್ಲರೂ ನಕ್ಕರು. ಮಳೆ ಅಷ್ಟರಲ್ಲಿ ಮನಸ್ಸು ಬದಲಾಯಿಸಿ ಚಾರ್ಮಾಡಿಯ ಕಡೆ ಹೋಗಿತ್ತು.

ಒಳಗೆ ತಂದು, ಒರೆಸಿ, ಊದಿ, ಸಿಕ್ಕಿಸಿ, ಒತ್ತಿದೆ. ಕಪ್ಪು. ಜಗಲಿಯಲ್ಲಿ ಕುಳಿತು, ಹೋಗಲಿ, ಆ ದನಿಯನ್ನು ನೆನಪಿನಲ್ಲೇ ಒಮ್ಮೆ ಕೇಳಿಸಿಕೊಳ್ಳೋಣ ಎಂದು ಕಣ್ಣು ಮುಚ್ಚಿದೆ. ಓದುಗರೇ, ಬರಲಿಲ್ಲ. ಅವಳು ಹೇಳಿದ ಮಾತುಗಳು ನೆನಪಾದವು, ಹೇಳಿದ ಜಾಗ, ಉಟ್ಟ ಸೀರೆ, ಮುಖದ ಸಿಟ್ಟು ಎಲ್ಲ ನೆನಪಾದವು, ದನಿ ಮಾತ್ರ ಈಗಿನ ಪಿಸುಗುಡುವ ದನಿಯೇ. ಮದುವೆಯ ದಿನದ ವಿಮಲಾ ಕೂಡ ನನ್ನ ತಲೆಯೊಳಗೆ ಪಿಸುಗುಡುತ್ತಿದ್ದಳು. ಮುಖವಾದರೆ ಗೋಡೆಯ ಮೇಲಿನ ಪಟದಲ್ಲಿದೆ, ಮರೆತರೆ ನೋಡಿಕೊಳ್ಳಬಹುದು. ದನಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಇಷ್ಟು ವರ್ಷ ನನಗೆ ತೋಚಿಯೇ ಇರಲಿಲ್ಲ. ಆ ಗಳಿಗೆಯಲ್ಲಿ ಆದ ಭಯ ಆಸ್ಪತ್ರೆಯ ಬೆಂಚಿನ ಮೇಲೂ ನನಗೆ ಆಗಿರಲಿಲ್ಲ.

ಯಂತ್ರವನ್ನು ರಿಪೇರಿಗೆಂದು ಮೂಡಿಗೆರೆಗೆ ಒಯ್ಯಲು ಹೊರಟಾಗ ವಿಮಲಾಳೂ ದರ್ಜಿಯ ಹತ್ತಿರ ಕುಪ್ಪಸ ತರುವುದಿದೆಯೆಂದು ಜೀಪು ಹತ್ತಿದಳು. ಲ್ಯಾಪ್‌ಟಾಪು ಅವಳ ತೊಡೆಯ ಮೇಲಿತ್ತು, ಆ ಪುರಾತನ ಯಂತ್ರಕ್ಕೆ ಕಡೆಗೂ ತನ್ನ ಹೆಸರಿಗೆ ತಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಪ್ರತಿ ಹೊಂಡಕ್ಕೂ ನಾನು "ಮೆಲ್ಲಗೆ ಹಿಡ್ಕೊ, ಮೆಲ್ಲಗೆ" ಎನ್ನುತ್ತಿದ್ದೆ, ಜೀಪು ಓಡಿಸುತ್ತಿರುವವನು ಬೇರೆ ಯಾರೋ ಎಂಬಂತೆ.

ರಿಪೇರಿ ಅಂಗಡಿಯನ್ನು ನಡೆಸುವ ಸವಿತಾ ಮಾತಿನಲ್ಲೂ ಕೈಯಲ್ಲೂ ಚುರುಕು. ಯಂತ್ರವನ್ನು ಎತ್ತಿ ಒಮ್ಮೆ ಅಲುಗಿಸಿದಳು, ಮೇಜಿನ ಮೇಲೆ ನಾಲ್ಕಾರು ಚೆರಿ ಉದುರಿತು. "ಏನ್ ಸಾರ್ ಇದು, ಕಾಫಿ ಬಿಡ್ತಿದೆ!" ಎಂದು ನಕ್ಕು, ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಮೊದಲು ತೋರುಬೆರಳು, ಆಮೇಲೆ ಹೆಬ್ಬೆರಳು. ಪರದೆ ಕಪ್ಪಗೇ ಇತ್ತು. "ಮದರ್‌ಬೋರ್ಡೇ ಹೋಗಿರ್ಬೇಕು ಸಾರ್. ಹಳೇದು ಬೇರೆ. ಬಿಟ್ಟಾಕಿ ಇದನ್ನ." ಒಳಗಿದ್ದದ್ದು ಸಿಗುತ್ತದೆಯೇ ಎಂದು ಕೇಳಿದೆ. "ಹೇಳಕ್ಕಾಗಲ್ಲ ಸಾರ್, ಬಿಚ್ಚಿ ನೋಡ್ಬೇಕು. ಡಿಸ್ಕೂ ಹೋಗಿದ್ರೆ ಹೋದಂಗೇ" ಎಂದಳು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆಗ ವಿಮಲಾ ಸವಿತಾಳಿಗೆ ಏನೋ ಹೇಳಿದಳು. ಬೀದಿಯಲ್ಲಿ ಬಸ್ಸಿನ ಹಾರನ್ನು, ಅಂಗಡಿಯಲ್ಲಿ ಫೋನು ರಿಪೇರಿಗೆ ಬಂದವರ ಗಲಾಟೆ. ನನಗೆ ಅವಳ ತುಟಿಯಷ್ಟೇ ಕಂಡಿತು. ಸವಿತಾ ಮಾತ್ರ ತಕ್ಷಣ ಬಗ್ಗಿ ಯಂತ್ರಕ್ಕೆ ಕಿವಿಯಿಟ್ಟಳು. "ಹೌದಲ್ಲ ಮೇಡಂ! ಫ್ಯಾನ್ ತಿರುಗ್ತಾ ಇದೆ." ನಾನು ಹಾರಿಬಂದು ಕಿವಿಯಿಟ್ಟೆ. ಏನೂ ಇಲ್ಲ. ಕಿವಿ ಬದಲಾಯಿಸಿ ಇಟ್ಟೆ. ಆಗಲೂ ಏನೂ ಇಲ್ಲ. "ಎಲ್ಲಿ ತಿರುಗ್ತಿದೆ?" ಎಂದರೆ ಇಬ್ಬರು ಹೆಂಗಸರೂ ನನ್ನನ್ನು ಒಂದು ರೀತಿಯಲ್ಲಿ ನೋಡಿದರು. "ಇಷ್ಟು ಜೋರಾಗಿ ಕೇಳ್ತಿದೆಯಲ್ಲ ಸಾರ್" ಎಂದಳು ಸವಿತಾ. ವಿಮಲಾ ಇನ್ನೇನೋ ಹೇಳಿದಳು. ಅದನ್ನು ಸವಿತಾ ನನಗೆ ಕನ್ನಡದಿಂದ ಕನ್ನಡಕ್ಕೆ ಅನುವಾದಿಸಿದಳು: "ಒಳಗೆ ತಿರುಗ್ತಿದೆ, ಬಿಸೀನೂ ಆಗ್ತಿದೆ ಅಂತ ಮೇಡಂ ಆವತ್ತೇ ನಿಮ್ಗೆ ಹೇಳಿದ್ರಂತೆ. ನೀವು ಹೂಂ ಅಂದ್ರಂತೆ."

ಸವಿತಾ ತನ್ನ ಫೋನಿನ ಟಾರ್ಚು ಹಚ್ಚಿ ಪರದೆಗೆ ಓರೆಯಾಗಿ ಹಿಡಿದಳು. ಕಪ್ಪಿನ ಆಳದಲ್ಲಿ, ಕೊಳದ ತಳದ ಕಲ್ಲುಗಳ ಹಾಗೆ, ಮಸುಕು ಮಸುಕಾಗಿ ಅಕ್ಷರಗಳು ಕಂಡವು. ನನ್ನ ಕಡತಗಳ ಹೆಸರುಗಳು, ನಾನೇ ಇಟ್ಟವು. "ಸತ್ತಿಲ್ಲ ಸಾರ್, ಪರದೆ ಹಿಂದಿನ ಲೈಟ್ ಹೋಗಿದೆ ಅಷ್ಟೇ. ಇದು ಎದ್ದೇ ಇದೆ." ಎಷ್ಟು ಸಲ ನಾನು ಗುಂಡಿ ಒತ್ತಿದೆನೋ ಅಷ್ಟು ಸಲವೂ ಅದು ಎದ್ದು ಕುಳಿತಿತ್ತು, ನಾನು ಮತ್ತೆ ಒತ್ತಿ ಮಲಗಿಸುತ್ತಿದ್ದೆ. ಅದಕ್ಕೆ ಎಷ್ಟು ಬೇಸರವಾಗಿದ್ದಿರಬೇಕು!

ವೈರೊಂದನ್ನು ಎಳೆದು ಅಂಗಡಿಯ ದೊಡ್ಡ ಪರದೆಗೆ ಜೋಡಿಸಿದಾಗ ಎಲ್ಲವೂ ಬೆಳಗಿತು. ಯಾವುದು ಬೇಕು ಎಂದು ಅವಳು ಕೇಳಿದಳು. 'ಲೇಖನ' ಎಂಬ ಹೆಸರಿನ ಕಡತವನ್ನು ತೋರಿಸಿದೆ. ವಿಮಲಾಳ ಕಣ್ಣಿಗೆ ಬೀಳದಿರಲೆಂದು ನಾನು ಇಟ್ಟ ಕಳ್ಳ ಹೆಸರದು. ಪೆನ್‌ಡ್ರೈವಿಗೆ ಹಾಕಿ ಸಾಕು, ತೆರೆಯುವುದು ಬೇಡ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ, ಸರಿಯಾಗಿದೆಯೋ ಇಲ್ಲವೋ ನೋಡಿಬಿಡೋಣ ಎಂದು ಸವಿತಾ ಅದರೊಳಗಿನ ರೆಕಾರ್ಡೊಂದನ್ನು ತೆರೆದೇಬಿಟ್ಟಳು. ಅಂಗಡಿಯ ಸ್ಪೀಕರಿನಿಂದ ವಿಮಲಾ ಮಾತಾಡತೊಡಗಿದಳು.

ಆ ತುಂಬು ದನಿ. ಗಾಜಿನ ಕಪಾಟಿನಲ್ಲಿದ್ದ ಫೋನುಗಳೆಲ್ಲ ಅದುರಿದವೋ ಎನಿಸಿತು. ಇದೇ, ಇದೇ ಎಂದು ಎದೆ ಹೊಡೆದುಕೊಂಡಿತು, ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಗಲಿಲ್ಲ. ವಿಮಲಾ ಕುತ್ತಿಗೆಯ ಗಾಯದ ಗುರುತಿನ ಮೇಲೆ ಕೈಯಿಟ್ಟುಕೊಂಡು ಕಲ್ಲಾಗಿ ನಿಂತಿದ್ದಳು. ನನ್ನ ಕಡೆ ತಿರುಗಿದಳು. ಇದೇನಾ ನಿಮ್ಮ ಲೇಖನ ಎಂದು ಅವಳ ತುಟಿ ಕೇಳಿದ್ದು, ಈ ಸಲ ಮಾತ್ರ, ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಸ್ಪೀಕರಿನಲ್ಲಿ ಅವಳು ಕಡುಬಿಗೆ ಅಕ್ಕಿ ತರಿ ಮಾಡುವ ಬಗೆ ಹೇಳುತ್ತಿದ್ದಳು. ನುಣ್ಣಗಾದರೆ ಕಡುಬು ಅಂಟಾಗುತ್ತದೆ, ತನ್ನ ಅಮ್ಮ ಹೀಗೆ ಮಾಡುತ್ತಿದ್ದಳು ಎಂದೆಲ್ಲ ಹೇಳಿ, "ರೀ, ಕೇಳ್ತಿದೀರಾ?" ಎಂದಳು. ಆಮೇಲೆ ಇನ್ನೊಂದು ದನಿ, ಗೊಗ್ಗರು ಗೊಗ್ಗರಾಗಿ, ಎಲ್ಲೋ ಕೇಳಿದಂತಿತ್ತು: "ಹಾಂ? ಏನಂದೆ?" ಅವಳು ದನಿ ಏರಿಸಿ ಮತ್ತೆ ಹೇಳಿದಳು. "ಹಾಂ?" ಇನ್ನೂ ಏರಿಸಿದಳು, ಪಕ್ಕದ ತೋಟದ ನಾಯಿಗೆ ಕೇಳುವಷ್ಟು. "ಏನು, ಅಕ್ಕಿನಾ?" ಎಂದಿತು ಆ ಗೊಗ್ಗರು ದನಿ. ಅಂಗಡಿಯಲ್ಲಿದ್ದವರೆಲ್ಲ ನಗತೊಡಗಿದರು. ಸವಿತಾ ಸಭ್ಯತೆಗಾಗಿ ಇನ್ನೊಂದು ತೆರೆದಳು, ಅದರಲ್ಲೂ "ಹಾಂ? ಏನಂದೆ?" ಮತ್ತೊಂದರಲ್ಲಿ ತವರಿನ ಕತೆಯ ನಡುವೆ, ಅವಳ ಅಕ್ಕ ಅಳುತ್ತ ಗಂಡನ ಮನೆಗೆ ಹೊರಟ ಜಾಗದಲ್ಲೇ, "ಏನು?" ಅವಳ ದನಿಯನ್ನು ಸಂಗ್ರಹಿಸಲು ಕುಳಿತ ಮಹಾಶಯ ಅದು ಮನೆ ತುಂಬ ಮೊಳಗುತ್ತಿದ್ದ ಕಾಲದಲ್ಲೂ ಒಂದು ಮಾತನ್ನೂ ನೆಟ್ಟಗೆ ಕೇಳಿಸಿಕೊಂಡಿರಲಿಲ್ಲ. ದನಿ ತಗ್ಗಿದ್ದು ಹೋದ ವರ್ಷ, ಕಿವಿ ತಗ್ಗಿದ್ದು ಯಾವಾಗಿನಿಂದಲೋ.

ವಿಮಲಾ ಮೇಜು ಹಿಡಿದುಕೊಂಡು, ಸದ್ದೇ ಇಲ್ಲದೆ, ಮೈ ಕುಲುಕುವಂತೆ ನಗುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ ಗಂಟ್ಲ ಮೇಲೆ ತಪ್ಪು ಹೊರ್ಸ್ಕೊಂಡು ಓಡಾಡಿದ್ರಲ್ಲ ಇಷ್ಟು ದಿನ! ಲ್ಯಾಪ್‌ಟಾಪ್ ಇಲ್ಲಿ ಕೊಟ್ಟಾಯ್ತು, ಕಿವಿ ಎಲ್ಲಾದ್ರೂ ತೋರ್ಸಿ ಮಾರಾಯ್ರೇ" ಎಂದಳು. ನಗುವವರ ಜೊತೆ ನಾನೂ ನಕ್ಕೆ, ಆದರೆ ಒಳಗೆ ಏನೋ ಮುಳ್ಳಿನಂತೆ ಚುಚ್ಚುತ್ತಿತ್ತು.

ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು, ದನಿಯ ಪ್ರತಿಯನ್ನು ನನ್ನ ಜೇಬಿನಲ್ಲೂ ಇನ್ನೊಂದನ್ನು ಅವಳ ಪರ್ಸಿನಲ್ಲೂ ಇಟ್ಟುಕೊಂಡು ಹೊರಟೆವು. ಊರು ದಾಟಿ ಏರು ಹತ್ತುವಾಗ ಓರೆಗಣ್ಣಿಗೆ ಅವಳ ತುಟಿ ಅಲುಗಿದ್ದು ಕಂಡಿತು. ನಮ್ಮ ಜೀಪಿನ ಎಂಜಿನ್ನಿಗೆ ಗುಟ್ಟು ಎಂಬುದು ಗೊತ್ತಿಲ್ಲ. ಕಾಫಿ ತೋಟವೊಂದರ ಬೇಲಿ ಪಕ್ಕಕ್ಕೆ ಒಯ್ದು ನಿಲ್ಲಿಸಿ, ಎಂಜಿನ್ನು ಆರಿಸಿ, ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತು, "ಹೇಳು" ಎಂದೆ.

"ಎಂಥ ಹೇಳೋದು? ನಾನಿನ್ನೂ ಏನೂ ಅಂದಿಲ್ಲ. ಆಕಳಿಸಿದ್ದು" ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ, ಹಂಗಾಯ್ತು ನಿಮ್ ಕತೆ. ಅಷ್ಟು ಹೆದರಿದ್ರಾ?"

"ಹೆದರಿದ್ದೆ. ನಿನ್ನ ದನಿ ನಂಗೆ ಮರ್ತೇ ಹೋಗಿತ್ತು ವಿಮಲಾ" ಎಂದೆ.

ಅವಳು ತನ್ನ ಪರ್ಸನ್ನು ಮುಟ್ಟಿ ನೋಡಿಕೊಂಡಳು. ರಸ್ತೆಯಲ್ಲಿ ಯಾವ ವಾಹನವೂ ಇರಲಿಲ್ಲ. "ನಾನೂ ಹೆದರಿದ್ದೆ ಕಣ್ರೀ. ಆ ವಾರ ಅಷ್ಟೊಂದು ಮಾತಾಡಿದ್ದು ಮತ್ಯಾಕೆ ಅಂದ್ಕೊಂಡ್ರಿ? ದನಿ ಇರೋವಾಗ್ಲೇ ನಿಮ್ ಕಿವಿಗೆ ಒಂದಿಷ್ಟು ಹಾಕಿಡಣ ಅಂತ."

ಪಿಸುಮಾತಿನಲ್ಲೇ ಹೇಳಿದಳು. ಅದನ್ನು ಅವಳು ಎರಡನೆಯ ಸಲ ಹೇಳಬೇಕಾಗಲಿಲ್ಲ.